ಪುಕ್ಕಟೆ ಸಿಕ್ಕರೆ ನಕಲಿ ಜರ್ನಲ್ಲಾ?

ಓಪನ್ ಆಕ್ಸೆಸ್ (ಪುಕ್ಕಟೆ ಓದಲು ಸಿಗುವ) ಸಂಶೋಧನಾ ಜರ್ನಲ್‌ಗಳೆಲ್ಲ ಬರೆದವರು ದುಡ್ಡು ಕೊಟ್ಟರೆ ಏನನ್ನೂ ಹಾಕುತ್ತವೆ ಎಂಬ ಫಾರ್ವರ್ಡ್ ಕಾರವಾರ, ಶಿರಸಿಯ ಕಾಲೇಜು ಗ್ರೂಪ್‌ಗಳಲ್ಲಿ ಆಗಾಗ ಸುತ್ತುತ್ತದೆ. ಅದನ್ನು ನಂಬಿ, ಗ್ರಾಮಸಭೆ ಬಗ್ಗೆ ಪ್ರಾಜೆಕ್ಟ್ ಮಾಡುವವರು ಅಲ್ಲಿನ ಒಳ್ಳೆಯ ಲೇಖನವನ್ನೂ ಬದಿಗಿಡುತ್ತಾರೆ.

ಅಂಥ ಜರ್ನಲ್‌ಗಳು ಇರುವುದು ನಿಜ. ಆದರೆ ‘ಎಲ್ಲ’ ಅನ್ನೋದು ತಪ್ಪು. ಓಪನ್ ಆಕ್ಸೆಸ್ ಅಂದರೆ ಓದುವವರಿಗೆ ಖರ್ಚಿಲ್ಲ, ಅಷ್ಟೆ. ತಜ್ಞರು ಪರಿಶೀಲಿಸುತ್ತಾರಾ ಎಂಬುದು ಬೇರೆಯೇ ಪ್ರಶ್ನೆ. ಬರೆದವರಿಂದಲೂ ಶುಲ್ಕ ಕೇಳದ ಜರ್ನಲ್‌ಗಳು ಬೇಕಾದಷ್ಟಿವೆ.

2003ರಲ್ಲಿ ಶುರುವಾದ ಡಿಒಎಜೆ (ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್) ಎಂಬ ಆನ್‌ಲೈನ್ ಪಟ್ಟಿಯಲ್ಲಿ ಜರ್ನಲ್ ಹೆಸರು ಹಾಕಿ ನೋಡಿ. ಶುಲ್ಕ, ಪರಿಶೀಲನೆಯ ವಿಧಾನ ಎರಡೂ ಸಿಗುತ್ತವೆ. ಅಲ್ಲಿಲ್ಲದ ಮಾತ್ರಕ್ಕೆ ನಕಲಿಯಲ್ಲ. ಆಗ ಸಂಪಾದಕ ಮಂಡಳಿಯ ಒಂದೆರಡು ಹೆಸರನ್ನು ಅವರವರ ವಿಶ್ವವಿದ್ಯಾಲಯದ ಪುಟದಲ್ಲಿ ಹುಡುಕಿ. ಐಎಸ್‌ಎಸ್‌ಎನ್ ಇದೆ ಅಂತ ಸುಮ್ನೆ ನಂಬಬೇಡಿ. ಅದು ಗುರುತಿನ ಸಂಖ್ಯೆ ಮಾತ್ರ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ.