ಮಂಗಳ ಹಾಡದ ಕಹಳೆ

ಮಗಳು ಕೆಲಸದ ಮೇಲೆ ಪೋಲೆಂಡಿನ ಕ್ರಾಕೋವ್ ಸೇರಿ ಎರಡು ವರ್ಷವಾಯಿತು. ಹೋದ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಹೋಗಿದ್ದೆವು. ಮೊದಲ ದಿನವೇ ಹಳೇ ಪೇಟೆಯ ದೊಡ್ಡ ಚೌಕದಲ್ಲಿ ನಮ್ಮನ್ನು ಬಿಟ್ಟು, "ಅಪ್ಪ, ನಂಗೆ ಮೀಟಿಂಗ್ ಇದೆ. ಹತ್ತು ಗಂಟೆಗೆ ಸರಿಯಾಗಿ ಆ ಎತ್ತರದ ಗೋಪುರ ನೋಡ್ತಿರಿ" ಅಂತ ಹೇಳಿ ಹೊರಟೇಬಿಟ್ಟಳು.

ಕತ್ತು ಎತ್ತಿ ನಿಂತೆವು. ಹತ್ತು ಹೊಡೆಯಿತು. ಸೇಂಟ್ ಮೇರಿ ಚರ್ಚಿನ ಗೋಪುರದ ಪುಟ್ಟ ಕಿಟಕಿಯಿಂದ ಕಹಳೆಯ ಬಾಯಿ ಹೊರಗೆ ಬಂತು. ಆಮೇಲೆ ಒಂದು ಸಣ್ಣ ರಾಗ. ಇರುವುದು ಐದೇ ಸ್ವರ, ಆದರೂ ಇಂಪು. ಇನ್ನೇನು ಒಂದು ನೆಲೆಗೆ ಬಂದು ನಿಲ್ಲಬೇಕು ಅನ್ನುವಷ್ಟರಲ್ಲಿ ಕತ್ತರಿಸಿದ ಹಾಗೆ ನಿಂತುಹೋಯಿತು.

"ರೀ, ಪಾಪ, ಕೆಮ್ಮು ಬಂತೋ ಏನೋ" ಅಂದಳು ನನ್ನ ಹೆಂಡತಿ.

ಅಷ್ಟರಲ್ಲಿ ಇನ್ನೊಂದು ಕಿಟಕಿಯಿಂದ ಮತ್ತೆ ಶುರು. ಅದೇ ಜಾಗದಲ್ಲಿ ಮತ್ತೆ ನಿಂತಿತು. ಹೀಗೆ ನಾಲ್ಕು ಸಲ. ನಾಲ್ಕೂ ಸಲ ಒಂದೇ ಸ್ವರದಲ್ಲಿ ಕೆಮ್ಮು ಬರೋದುಂಟಾ?

ಸಂಜೆ ಮಗಳು ಕತೆ ಹೇಳಿದಳು. 1241ರಲ್ಲಿ ತಾತಾರರು ಊರಿನ ಮೇಲೆ ಏರಿ ಬಂದರಂತೆ. ಕಾವಲುಗಾರ ಗೋಪುರದಿಂದ ಕಹಳೆ ಊದಿ ಊರನ್ನು ಎಬ್ಬಿಸಿದ. ಊದುತ್ತಿರುವಾಗಲೇ ಗಂಟಲಿಗೆ ಬಾಣ ನಾಟಿತು. ಅದಕ್ಕೇ ರಾಗ ಇವತ್ತಿಗೂ ಅಲ್ಲಿಗೇ ನಿಲ್ಲುತ್ತದೆ. ದಾಳಿ ನಡೆದಿದ್ದು ನಿಜ. ಬಾಣದ ಕತೆ ಮಾತ್ರ ಚೆನ್ನಾಗಿ ಓಡಾಡತೊಡಗಿದ್ದು 20ನೇ ಶತಮಾನದಲ್ಲಿ. ಈಗಿರುವ ಇಟ್ಟಿಗೆಯ ಚರ್ಚಂತೂ 14ನೇ ಶತಮಾನದ್ದು. ಇದನ್ನು ನಾನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. "ನಿಮಗೆ ಒಂದು ಕತೇನೂ ನೆಟ್ಟಗೆ ಕೇಳೋಕೆ ಬರಲ್ಲ" ಅಂತ ಬೈಸಿಕೊಂಡೆ.

ರಾಗಕ್ಕೆ ಅಲ್ಲಿ ಹೆಯ್ನಾವ್ ಅನ್ನುತ್ತಾರೆ. ಊದುವವರು ಫೈರ್ ಸರ್ವಿಸ್‌ನವರು, ಪಾಳಿ ಹಾಕಿಕೊಂಡು, ಹಗಲೂ ರಾತ್ರಿ, ಗಂಟೆಗೊಮ್ಮೆ. ಒಂದು ಸಲ ರಾಜನ ಕೋಟೆಯ ಕಡೆಗೆ, ಒಂದು ಸಲ ಊರಿನ ಆಡಳಿತದವರಿಗೆ, ಒಂದು ಬರುವ ಅತಿಥಿಗಳಿಗೆ, ಕೊನೆಯದು ಫೈರ್ ಸರ್ವಿಸ್‌ಗೆ. ನಾನು ಲೆಕ್ಕ ಹಾಕಿದೆ: ದಿನಕ್ಕೆ 96 ಸಲ ಅರ್ಧಕ್ಕೆ ನಿಲ್ಲುತ್ತದೆ!

ನನಗೆ ಕಛೇರಿ ಕೇಳುವ ಚಾಳಿ. ಎಷ್ಟೇ ಬೋರಾದರೂ ಮಂಗಳ ಹಾಡುವ ತನಕ ಕುರ್ಚಿ ಬಿಟ್ಟು ಏಳುವವನಲ್ಲ. ಅಂಥವನಿಗೆ ಈ ಊರು ಒಂದು ಶಿಕ್ಷೆ. ಚೌಕದ ಯಾವ ಮೂಲೆಯಲ್ಲಿದ್ದರೂ ಗಂಟೆಗೆ ಸರಿಯಾಗಿ ಕಿವಿ ನಿಮಿರುತ್ತಿತ್ತು. ಈ ಸಲವಾದರೂ ಪೂರ್ತಿ ಊದಿಯಾನು ಅಂತ ಸುಮ್ನೆ ಒಂದು ಆಸೆ.

ಚೌಕವೇನೂ ಚಿಕ್ಕದಲ್ಲ. ಒಂದೊಂದು ಬದಿ ಸುಮಾರು 200 ಮೀಟರ್. 1257ರಲ್ಲಿ ಅಳತೆ ಹಾಕಿ ಬಿಟ್ಟ ಜಾಗ. ನಡುವೆ ಸುಕಿಯೆನ್ನಿತ್ಸೆ ಅನ್ನುವ ಉದ್ದನೆಯ ಕಟ್ಟಡ, ಹಳೇ ಕಾಲದ ಬಟ್ಟೆ ಪೇಟೆ. ಅದರ ಕಮಾನಿನಲ್ಲಿ ಒಂದು ಕಬ್ಬಿಣದ ಚಾಕು ತೂಗಿದೆ. ಚರ್ಚಿನ ಎರಡು ಗೋಪುರಗಳನ್ನು ಅಣ್ಣತಮ್ಮಂದಿರು ಕಟ್ಟುತ್ತಿದ್ದರಂತೆ. ತಮ್ಮನದು ತನ್ನದನ್ನು ಮೀರಿಸೀತು ಅಂತ ಅಣ್ಣ ಅವನನ್ನು ಇದೇ ಚಾಕುವಿನಿಂದ ಕೊಂದನಂತೆ. ಒಂದು ಗೋಪುರ 80 ಮೀಟರಿಗೂ ಸ್ವಲ್ಪ ಜಾಸ್ತಿ. ಇನ್ನೊಂದು 69ಕ್ಕೇ ನಿಂತಿದೆ. ನೋಡಿ, ಇಲ್ಲೂ ಅರ್ಧಕ್ಕೇ!

ಹೊಟ್ಟೆಯ ವಿಷಯದಲ್ಲಿ ಮಾತ್ರ ಆ ಊರು ಅರ್ಧಕ್ಕೆ ಬಿಡಲಿಲ್ಲ. ಬೀದಿಬದಿಯ ಗಾಡಿಗಳಲ್ಲಿ ಒಬ್ವಾಝಾನೆಕ್ ಮಾರುತ್ತಾರೆ. ನಮ್ಮ ಕೋಡುಬಳೆಯ ದೊಡ್ಡಪ್ಪ ಅಂದುಕೊಳ್ಳಿ. ಹಿಟ್ಟಿನ ಎಳೆಗಳನ್ನು ಹೊಸೆದು, ಬಳೆ ಮಾಡಿ, ಮೊದಲು ಬಿಸಿನೀರಿನಲ್ಲಿ ಅದ್ದಿ ಬೇಯಿಸಿ, ಆಮೇಲೆ ಒಲೆಗೆ ಹಾಕುತ್ತಾರೆ. ಮೇಲೆ ಗಸಗಸೆ, ಎಳ್ಳು ಇಲ್ಲವೇ ಹರಳುಪ್ಪು. ಬೆಳಿಗ್ಗೆ ಮುರಿದರೆ ಹೊರಗೆ ಗರಿ, ಒಳಗೆ ಹತ್ತಿ. ಸಂಜೆಗೆ ಹಲ್ಲಿಗೆ ಪರೀಕ್ಷೆ. ನಾನು ಗಸಗಸೆಯದನ್ನು ತಿಂದು, ಪಾರಿವಾಳಗಳ ಮಧ್ಯೆ ನಿಂತು, ಅಂಗಿಯ ತುಂಬ ಕಪ್ಪು ಚುಕ್ಕಿ ಮಾಡಿಕೊಂಡೆ. ಹೆಂಡತಿ ಎಳ್ಳಿನದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಮುಂದೆ ಮೂರು ದಿನ ಅದು ನಮ್ಮ ಜೊತೆ ಊರೆಲ್ಲ ತಿರುಗಿತು.

ಹಳೇ ಪೇಟೆಯನ್ನು ಸುತ್ತಿದ್ದ ಕೋಟೆ ಗೋಡೆಯನ್ನು 19ನೇ ಶತಮಾನದ ಶುರುವಿನಲ್ಲಿ ಬಹುಪಾಲು ಕೆಡವಿ, ಆ ಜಾಗದಲ್ಲಿ ಸುತ್ತಲೂ ತೋಟ ಮಾಡಿದ್ದಾರೆ. ಹೆಸರು ಪ್ಲಾಂಟಿ. ಬೆಂಚುಗಳ ಮೇಲೆ ನನ್ನಂಥ ರಿಟೈರಾದವರೇ ಜಾಸ್ತಿ. ಅಲ್ಲಿ ಕೂತಾಗಲೂ ಮರಗಳ ಮೇಲಿಂದ ತೇಲಿ ಬರುತ್ತಿತ್ತು, ಅದೇ ಅರ್ಧ ರಾಗ. ಪಕ್ಕದ ಬೆಂಚಿನ ಅಜ್ಜ ಪೇಪರಿನಿಂದ ತಲೆ ಕೂಡ ಎತ್ತಲಿಲ್ಲ.

ಹೊರಡುವ ಮುಂಚಿನ ದಿನ ಮತ್ತೆ ಗೋಪುರದ ಕೆಳಗೆ ಹೋದೆವು. ರಾಗ ಎಂದಿನಂತೆ ನಿಂತಿತು. ನಾನು ಎಂದಿನಂತೆ ಮುಂದಿನ ಸ್ವರ ಕಾಯುತ್ತಿದ್ದೆ. ಹೆಂಡತಿ ಕೈಯೆತ್ತಿ ಬೀಸತೊಡಗಿದಳು. ನೋಡಿದರೆ ಕಿಟಕಿಯಲ್ಲಿ ಕಹಳೆಯವನು ಕೈ ಬೀಸುತ್ತಿದ್ದಾನೆ. "ದಿನಾ ಬೀಸ್ತಾನೆ ರೀ, ನೀವೇ ನೋಡ್ತಿರ್ಲಿಲ್ಲ" ಅಂದಳು.

ಮಧ್ಯಾಹ್ನ 12ರ ಹೆಯ್ನಾವನ್ನು ಪೋಲಿಷ್ ರೇಡಿಯೋ 1927ರಿಂದ ಪ್ರಸಾರ ಮಾಡುತ್ತಾ ಬಂದಿದೆ. ಹೊರಡುವ ದಿನ ಮಗಳು ಮನೆಯಲ್ಲಿ ರೇಡಿಯೋ ಹಾಕಿದಳು. ಒಲೆಯ ಮೇಲೆ ಅನ್ನಕ್ಕಿಟ್ಟಿದ್ದರು. ರಾಗ ಬಂತು, ಏರಿತು, ಟಕ್ಕಂತ ನಿಂತಿತು. ಮರುಕ್ಷಣವೇ ಕುಕ್ಕರ್ ಒಂದು ಉದ್ದನೆಯ ಸೀಟಿ ಹಾಕಿತು.

"ಸಮಾಧಾನ ಆಯ್ತಾ ಅಪ್ಪ?" ಅಂದಳು ಮಗಳು.

ಶ್ರುತಿ ಸ್ವಲ್ಪ ಜಾಸ್ತಿಯಾಗಿತ್ತು.