ಬಾಳೆ ಎಲೆಯೊಳಗಿನ ಕೊಚಿನೀತಾ

ಮೆಕ್ಸಿಕೋ ಊಟ ಅಂದ್ರೆ ಚೀಸ್ ಸುರಿದ ನಾಚೋಸ್ ಅಂದುಕೊಂಡಿರುವ ಗೆಳೆಯರೇ, ಒಮ್ಮೆ ಕೊಚಿನೀತಾ ಪಿಬಿಲ್ ಅನ್ನೋ ಹಂದಿ ಮಾಂಸದ ಅಡುಗೆ ತಿನ್ನಿ. ಸಾಧ್ಯವಾದರೆ ಅದರ ತವರಾದ ಮೆಕ್ಸಿಕೋದ ಯುಕಟಾನ್‌ನಲ್ಲೇ ತಿನ್ನಿ.

ನಾನು ತಿಂದಿದ್ದು ಅಲ್ಲಿನ ಮೆರಿಡಾ ನಗರದಲ್ಲಿ, ಮಾರ್ಕೆಟ್ ಪಕ್ಕದ ಪುಟ್ಟ ಹೋಟೆಲಿನಲ್ಲಿ. ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಅಲ್ಲಿನವರಿಗೆ ಇದು ಭಾನುವಾರದ ತಿಂಡಿ. ಹೊತ್ತಾಗಿ ಹೋದ್ರೆ ಪಾತ್ರೆ ಖಾಲಿ. ಹೋಟೆಲಿನಾಕೆ ಬಾಡಿದ ಬಾಳೆ ಎಲೆ ಸರಿಸಿದರು. ಹಬೆಯ ಜೊತೆ ಬಂದ ಆ ವಾಸನೆಗೆ ನಮ್ಮನೆಯ ಹಲಸಿನ ಹಣ್ಣಿನ ಕಡುಬು ನೆನಪಾಯ್ತು. ಒಳಗೆ ಇಟ್ಟಿಗೆ ಬಣ್ಣದ ಹಂದಿ ಮಾಂಸ. ಚಮಚ ಒತ್ತಿದರೆ ಸಾಕು, ಎಳೆ ಎಳೆಯಾಗಿ ಬಿಡುತ್ತಿತ್ತು. ಅದನ್ನು ಮೆಕ್ಕೆಜೋಳದ ಸಣ್ಣ ರೊಟ್ಟಿಗೆ ಹಾಕಿ, ತಳದ ರಸ ಸುರಿದು, ಮೇಲೆ ಹುಳಿಯಲ್ಲಿ ನೆನೆಸಿದ ಕೆಂಪು ಈರುಳ್ಳಿ ಇಟ್ಟರು. ಪಕ್ಕದಲ್ಲಿ ಹಬನೆರೋ ಮೆಣಸಿನಕಾಯಿಯ ಚಟ್ನಿ. ಮೊದಲ ತುತ್ತಿಗೇ ರಸ ಮಣಿಕಟ್ಟಿನವರೆಗೆ ಇಳಿಯಿತು.

ನೋಡಿದ್ರೆ ಭಾರೀ ಖಾರ ಅನ್ನಿಸುತ್ತೆ. ಆದರೆ ಆ ಬಣ್ಣ ಅಚಿಯೋಟೆ ಅನ್ನೋ ಕೆಂಪು ಬೀಜದ್ದು. ಅದನ್ನು ಬೆಳ್ಳುಳ್ಳಿ, ಕರಿಮೆಣಸು, ಓರೆಗಾನೋ ಜೊತೆ ಅರೆದು, ಹುಳಿ ಕಿತ್ತಳೆ ರಸದಲ್ಲಿ ಕಲಸಿ ಮಾಂಸಕ್ಕೆ ಸವರುತ್ತಾರೆ. ಅಲ್ಲಿನ ಮೂಲನಿವಾಸಿಗಳ ಮಾಯಾ ಭಾಷೆಯಲ್ಲಿ ಪಿಬ್ ಅಂದರೆ ನೆಲದೊಳಗಿನ ಒಲೆ. ಗುಂಡಿ ತೋಡಿ, ಸೌದೆ ಉರಿಸಿ, ಕಲ್ಲು ಕಾಯಿಸಿ, ಎಲೆ ಸುತ್ತಿದ ಮಾಂಸ ಇಳಿಸಿ ಮಣ್ಣು ಮುಚ್ಚುತ್ತಾರೆ. ರಾತ್ರಿಯೆಲ್ಲ ಬೇಯುತ್ತೆ. ಹಂದಿ, ಹುಳಿ ಕಿತ್ತಳೆ, ಬಾಳೆ ಎಲ್ಲ ಸ್ಪೇನಿನವರು ಬಂದ ಮೇಲೆ ಬಂದವು. ಅದಕ್ಕೂ ಮುಂಚೆ ಆ ಒಲೆಯಲ್ಲಿ ಜಿಂಕೆ, ಟರ್ಕಿ ಕೋಳಿ ಬೇಯುತ್ತಿದ್ದವು. ಹೊರಗಿನಿಂದ ಬಂದದ್ದನ್ನೆಲ್ಲ ತಮ್ಮ ಒಲೆಗೇ ಇಳಿಸಿಕೊಂಡರಲ್ಲ, ಅದು ನನಗೆ ತುಂಬಾ ಇಷ್ಟವಾಯ್ತು.

ಈಗ ಓವನ್‌ನಲ್ಲೂ ಮಾಡ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ದಿನಾ ಗುಂಡಿ ತೋಡೋಕೆ ಆಗುತ್ತಾ? ಆದರೆ ಹುಳಿ ತೆಗೆದರೆ ಏನೂ ಉಳಿಯಲ್ಲ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಇದೇ ಹೆಸರು ಹೇಳಿ ಸಿಹಿ ಸಾಸ್ ಹಾಕಿ, ಮೇಲೆ ಚೀಸ್ ಉದುರಿಸಿ ಕೊಟ್ಟರು. ಅರ್ಧ ತಿಂದು ಎದ್ದೆ. ಬೇಜಾರಾಯ್ತು.

ನಾನು ಕೊಡಗಿನವನು. ಹುಳಿಯ ವಿಷಯ ನಮಗೆ ಹೇಳಿಕೊಡಬೇಕಿಲ್ಲ. ಕಾಚಂಪುಳಿ ಅನ್ನೋ ನಮ್ಮ ಕಪ್ಪು ಹುಳಿ ಹಾಕದ ಹಂದಿ ಸಾರನ್ನು ನಮ್ಮ ಮನೆಯಲ್ಲಿ ಪಂದಿ ಕರಿ ಅನ್ನಲ್ಲ. ಹುಳಿ ಬಿದ್ದಾಗಲೇ ಕೊಬ್ಬಿನ ಜಿಡ್ಡು ಮುರಿಯೋದು, ಇನ್ನೊಂದು ತುತ್ತು ಬೇಕು ಅನ್ನಿಸೋದು. ಪಂದಿ ಕರಿಯನ್ನು ಯಾರಾದರೂ ಸುಮ್ನೆ ಸೌತ್ ಇಂಡಿಯನ್ ಫುಡ್ ಅಂದ್ರೆ ನನಗೆ ಚುಚ್ಚುತ್ತೆ. ಹಾಗಾಗಿ ಕೊಚಿನೀತಾವನ್ನು ಯುಕಟಾನ್ ಊಟ ಅಂತಲೇ ಕರೀತೀನಿ. ಊರಿನ ಹೆಸರು ಹೇಳೋದು ಅಡುಗೆ ಮಾಡಿದವರಿಗೆ ಕೊಡುವ ಮರ್ಯಾದೆ ಅಲ್ವಾ?

ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಗುಂಡಿ, ಎಲೆ, ಕೆಂಪು ಬೀಜ ಎಲ್ಲ ವಿವರಿಸಿದೆ. ಅವ್ವ ಕೇಳಿದ್ದು ಒಂದೇ: "ಹುಳಿಗೆ ಏನು ಹಾಕ್ತಾರಂತೆ?"