ನನ್ನ ಬೆನ್ನಬುಡದ ಕೋಗಿಲೆ

ಹೋದ ತಿಂಗಳು ಬಾತ್‌ರೂಮಿಗೆ ಆಸಿಡ್ ಹಾಕಿ ಫಳಫಳ ಅನ್ನುವ ಹಾಗೆ ಉಜ್ಜಿದೆ. ಅದೇ ಫಳಫಳದ ಮೇಲೆ ಜಾರಿ ಕೂತೆ. ಬಿದ್ದೆ ಅನ್ನುವುದಕ್ಕಿಂತ ಕೂತೆ ಅನ್ನುವುದೇ ಸರಿ, ಅಷ್ಟು ನೇರವಾಗಿ ಕೂತಿದ್ದೆ. ಮರುದಿನದಿಂದ ಕೂತರೂ ನೋವು, ಎದ್ದರೂ ನೋವು.

"ಬಾಲ ಇರಬೇಕಾದ ಜಾಗದಲ್ಲಿ ನೋವು, ಡಾಕ್ಟ್ರೇ" ಅಂದೆ. "ಎಲ್ಲಿ ಆಂಟಿ, ಇಲ್ಲೇನಾ?" ಅಂತ ಒತ್ತಿದರು. ಪ್ರಾಣ ಹೋಯಿತು. ಎಕ್ಸ್‌ರೇ ನೋಡಿ, ಮೂಳೆಗೇನೂ ಆಗಿಲ್ಲ ಅಂದು ಚೀಟಿಯ ಮೇಲೆ ಒಂದು ಪದ ಬರೆದರು. ಕಾಕ್ಸಿಡೈನಿಯಾ. ಆಂಟಿ ಅಂದಿದ್ದರ ನೋವೇ ಇನ್ನೂ ಇಳಿದಿರಲಿಲ್ಲ, ಅದರ ಮೇಲೆ ಇದು. ಹೆಸರು ಕೇಳಿಯೇ ಅರ್ಧ ಜೀವ ಹೋಯಿತು.

ಮನೆಗೆ ಬಂದು ಮಗಳ ಕೈಲಿ ಹುಡುಕಿಸಿದೆ. ಕಾಕ್ಸಿಕ್ಸ್ ಅಂದರೆ ಬೆನ್ನುಮೂಳೆಯ ಕೊನೇ ತುಂಡು, ಬಾಲದ ಮೂಳೆ. ಒಡೈನೆ ಅಂದರೆ ಗ್ರೀಕಿನಲ್ಲಿ ನೋವು. ಅಷ್ಟೇ! ನಾನು ಕನ್ನಡದಲ್ಲಿ ಹೇಳಿದ್ದನ್ನೇ ಅವರು ಗ್ರೀಕಿನಲ್ಲಿ ಬರೆದುಕೊಟ್ಟು ಫೀಸು ತಗೊಂಡಿದ್ದರು. ಅನುವಾದಕ್ಕೆ ಇಷ್ಟು ದುಡ್ಡು ಸಿಗುತ್ತೆ ಅಂತ ನನಗೆ ಮೊದಲೇ ಯಾರೂ ಹೇಳಿರಲಿಲ್ಲ.

ಆದರೆ ಸಿಟ್ಟು ಜಾಸ್ತಿ ಹೊತ್ತು ನಿಲ್ಲಲಿಲ್ಲ. ಯಾಕೆಂದರೆ ಕೆಳಗೆ ಇನ್ನೊಂದು ಸಾಲಿತ್ತು. ಗ್ರೀಕರ ಕೊಕ್ಕುಕ್ಸ್ ಅಂದರೆ ಮೂಳೆಯಲ್ಲ, ಕೋಗಿಲೆಯ ಜಾತಿಯ ಒಂದು ಹಕ್ಕಿ. ಅದು ಕೂಗುವುದೇ ಹಾಗಂತೆ, ಕುಕ್ಕು ಕುಕ್ಕು ಅಂತ. ಬೆನ್ನಬುಡದ ಆ ಪುಟ್ಟ ಮೂಳೆ ಅದರ ಕೊಕ್ಕಿನ ಹಾಗೆ ಚೂಪಾಗಿ ಬಾಗಿದೆ ಅಂತ ಹಳೇ ಗ್ರೀಕ್ ವೈದ್ಯರಿಗೆ ಕಂಡಿತ್ತು. ಐವತ್ತು ವರ್ಷ ನಾನು ಕೋಗಿಲೆಯ ಮೇಲೆ ಕೂತಿದ್ದೆ, ನೋಡಿ.

ಅವತ್ತು ರಾತ್ರಿ ಮಗ್ಗುಲಾಗಿ ಮಲಗಿಕೊಂಡು ಮೈಯ ಹೆಸರುಗಳನ್ನೆಲ್ಲ ಬಿಚ್ಚುತ್ತಾ ಹೋದೆ. ಸೊಂಟದ ಮೂಳೆಗೂಡು ಪೆಲ್ವಿಸ್, ಅಂದರೆ ಲ್ಯಾಟಿನ್ನಿನಲ್ಲಿ ಬೋಗುಣಿ. ಮಂಡಿಚಿಪ್ಪು ಪಟೆಲ್ಲಾ, ಅಂದರೆ ಸಣ್ಣ ತಟ್ಟೆ. ತೊಡೆಯ ಮೂಳೆ ಸೊಂಟಕ್ಕೆ ಕೂರುವ ಗುಳಿಗೆ ಅಸಿಟಾಬುಲಮ್ ಅನ್ನುತ್ತಾರೆ. ಅದು ರೋಮನ್ನರು ಊಟಕ್ಕೆ ಕೂತಾಗ ವಿನೆಗರ್ ಹಾಕಿಡುತ್ತಿದ್ದ ಬಟ್ಟಲು. ಸೊಂಟದಿಂದ ಮಂಡಿಯವರೆಗೆ ಬರೀ ಪಾತ್ರೆ ಪಗಡ! ಮಂಡಿಯಿಂದ ಕೆಳಗಿಳಿದರೆ ಮುಂಗಾಲ ಮೂಳೆ ಟಿಬಿಯಾ, ಅಂದರೆ ಕೊಳಲು. ಇನ್ನು ಮಸಲ್ ಅಂದರೆ ಪುಟ್ಟ ಇಲಿ. ರಟ್ಟೆ ಮಡಚಿದಾಗ ಚರ್ಮದ ಕೆಳಗೆ ಓಡುತ್ತಲ್ಲ, ಅದು ಇಲಿ. ನಗುವ ಹಾಗಿಲ್ಲ. ನಮ್ಮ ಕಾಲಿನ ಹಿಂದಿರುವುದು ಮೀನಖಂಡ ಅಲ್ವಾ?

ಪಿಯುಸಿಯಲ್ಲಿ ಜೀವಶಾಸ್ತ್ರದ ಈ ಪದಗಳೆಂದರೆ ನನಗೆ ಚಳಿಜ್ವರ. ಕನ್ನಡ ಮೀಡಿಯಮ್ಮಿನಿಂದ ಹೋದವಳು. ಸ್ಪೆಲ್ಲಿಂಗ್ ತಪ್ಪಿದರೆ ಹತ್ತು ಸಲ ಬರೆಯಿಸುತ್ತಿದ್ದರು, ಅರ್ಥ ಮಾತ್ರ ಒಂದು ಸಲವೂ ಹೇಳಲಿಲ್ಲ. ಇದು ಬೋಗುಣಿ ಕಣಮ್ಮ, ಇದು ಕೊಳಲು ಅಂದಿದ್ದರೆ ಸಾಕಿತ್ತು.

ಇವು ದೊಡ್ಡಸ್ತಿಕೆಗೆ ಕಟ್ಟಿದ ಪದಗಳಲ್ಲ. ಯುರೋಪಿನ ಪಂಡಿತರು ಬಹಳ ಕಾಲ ಬರೆಯುತ್ತಿದ್ದುದೇ ಲ್ಯಾಟಿನ್ನಿನಲ್ಲಿ. ರಕ್ತ ಮೈಯೆಲ್ಲ ಸುತ್ತುತ್ತದೆ ಅಂತ 1628ರಲ್ಲಿ ಇಂಗ್ಲೆಂಡಿನ ವೈದ್ಯ ಹಾರ್ವೆ ಬರೆದದ್ದು ಲ್ಯಾಟಿನ್ನಿನಲ್ಲಿ. ನ್ಯೂಟನ್ನನ 1687ರ ದೊಡ್ಡ ಪುಸ್ತಕವೂ ಲ್ಯಾಟಿನ್ನೇ. ಅವನೇ 1704ರಲ್ಲಿ ಬೆಳಕಿನ ಬಗ್ಗೆ ಬರೆದಾಗ ಇಂಗ್ಲಿಷಿಗೆ ಬಂದ. ಹೀಗೆ ಮನೆ ಬದಲಾಯಿಸಿದಾಗ ಹಳೇ ಪಾತ್ರೆಗಳೂ ಜೊತೆಗೆ ಬಂದವು.

ಆಮೇಲಿನವರಿಗೆ ಹೊಸ ಪದ ಬೇಕಾದಾಗಲೂ ಆ ಹಳೇ ಅಟ್ಟಕ್ಕೇ ಏಣಿ ಹಾಕಿದರು. ವಿದ್ಯುತ್ತಿನ ವಿಜ್ಞಾನಿ ಫ್ಯಾರಡೆ ಕಮ್ಮಾರನ ಮಗ, ಪುಸ್ತಕಕ್ಕೆ ಬೈಂಡ್ ಹಾಕುವ ಅಂಗಡಿಯಲ್ಲಿ ಕೆಲಸ ಕಲಿತವನು. ಗ್ರೀಕ್ ಬರುತ್ತಿರಲಿಲ್ಲ. 1834ರಲ್ಲಿ ಕೇಂಬ್ರಿಡ್ಜಿನ ಪಂಡಿತ ವ್ಹೀವೆಲ್‌ಗೆ ಕಾಗದ ಬರೆದು, ದ್ರವದೊಳಗೆ ವಿದ್ಯುತ್ ಹೋಗುವ ಮತ್ತು ಹೊರಗೆ ಬರುವ ಎರಡು ತುದಿಗಳಿಗೆ ಹೆಸರು ಕೇಳಿದ. ಬಂದ ಉತ್ತರ ಆನೋಡ್, ಕ್ಯಾಥೋಡ್. ಹತ್ತುವ ದಾರಿ, ಇಳಿಯುವ ದಾರಿ. ಪೂರ್ವದಲ್ಲಿ ಹತ್ತಿ ಪಶ್ಚಿಮದಲ್ಲಿ ಇಳಿಯುವ ಸೂರ್ಯನ ಲೆಕ್ಕ ಅದು.

ಇದರಲ್ಲಿ ಎಡವಟ್ಟೂ ಇದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ, ಪ್ರತಿಯೊಂದು ಆಮ್ಲಕ್ಕೂ ಒಂದೇ ಅನಿಲ ಮೂಲ ಅಂತ ನಂಬಿದ್ದ. ಗ್ರೀಕಿನ ಹುಳಿ, ಹುಟ್ಟಿಸು ಅನ್ನುವ ಎರಡು ಪದ ಸೇರಿಸಿ ಅದಕ್ಕೆ ಆಕ್ಸಿಜನ್ ಅಂದ. 1810ರಲ್ಲಿ ಇಂಗ್ಲೆಂಡಿನ ಡೇವಿ ಬಂದು, ಉಪ್ಪಿನಿಂದ ಮಾಡುವ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ ಅಂತ ತೋರಿಸಿದ. ಆ ಹೊತ್ತಿಗೆ ಹೆಸರು ಎಲ್ಲರ ಬಾಯಿಗೂ ಬಂದಿತ್ತು. ನಾವೋ, ಅದನ್ನು ಭಕ್ತಿಯಿಂದ ಆಮ್ಲಜನಕ ಅಂತ ಕನ್ನಡಕ್ಕೆ ತಂದು, ತಪ್ಪಿಗೂ ಒಂದು ಅನುವಾದ ಮಾಡಿಟ್ಟೆವು. ಆಮ್ಲಕ್ಕೆ ಬೇಕಾದ್ದು ಜಲಜನಕ. ಹೆಸರಿನಲ್ಲಿ ಅದರ ಪಾಲಿಗೆ ಬಂದದ್ದು ನೀರು. ಅಂದಹಾಗೆ, ಡೇವಿ ಪರೀಕ್ಷೆ ಮಾಡಿದ ಆ ಆಮ್ಲವೇ ನನ್ನ ಬಾತ್‌ರೂಮಿನ ಬಾಟಲಿಯಲ್ಲಿ ಇದ್ದದ್ದು.

ನನಗೆ ತುಂಬ ಹಿಡಿಸಿದ್ದು ಮಾತ್ರ ಕಣ್ಣು. ಕಣ್ಣಿನ ನಡುವಿನ ಕಪ್ಪು ಚುಕ್ಕೆಗೆ ಇಂಗ್ಲಿಷಿನಲ್ಲಿ ಪ್ಯುಪಿಲ್. ಲ್ಯಾಟಿನ್ನಿನಲ್ಲಿ ಅದು ಪುಟ್ಟ ಹುಡುಗಿ, ಗೊಂಬೆ. ಗ್ರೀಕರೂ ಅದನ್ನು ಹುಡುಗಿ ಅಂತಲೇ ಕರೆದರು. ನಾವು? ಕಣ್ಣಪಾಪೆ! ಇದನ್ನು ಯಾರು ಯಾರಿಂದ ಕಲಿತರೋ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸುಮ್ನೆ ಯಾರದ್ದಾದರೂ ಕಣ್ಣನ್ನು ಹತ್ತಿರದಿಂದ ನೋಡಿದರಾಯಿತು. ಮಗಳನ್ನು ದೀಪದ ಕೆಳಗೆ ಕೂರಿಸಿ, ಗಲ್ಲ ಹಿಡಿದು ನೋಡಿದೆ. ಅವಳ ಕಣ್ಣೊಳಗೆ ಹೆಬ್ಬೆಟ್ಟಿನ ಉಗುರಿಗಿಂತ ಚಿಕ್ಕದಾದ ಒಬ್ಬಳು ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು. "ಏನಮ್ಮಾ ಅದು, ಕಸ ಬಿದ್ದಿದೆಯಾ?" ಅಂದಳು ಮಗಳು.

ನೋವಿಗೆ ಡಾಕ್ಟರು ಹೇಳಿದ್ದು ನಡುವೆ ತೂತಿರುವ ದಿಂಬು. ಅತ್ತೆ ಅದನ್ನು ಕೊಳ್ಳಲು ಬಿಡಲಿಲ್ಲ. ತಮ್ಮ ಹಳೇ ಹತ್ತಿ ಸೀರೆಯನ್ನು ಗಟ್ಟಿಯಾಗಿ ತಿರುಚಿ, ಸುತ್ತಿ, ಬಿಂದಿಗೆ ಹೊರುವ ಸಿಂಬಿಯನ್ನೇ ನಾಲ್ಕು ಪಟ್ಟು ದೊಡ್ಡದಾಗಿ ಮಾಡಿಕೊಟ್ಟರು. ಎಂಜಿನಿಯರಿಂಗ್ ಓದುವ ಮಗಳು ಇದರ ಆಕಾರಕ್ಕೆ ಟೋರಸ್ ಅಂತಾರೆ ಅಂದಳು. ಹುಡುಕಿದೆ. ಲ್ಯಾಟಿನ್ನಿನಲ್ಲಿ ಮೆತ್ತೆ ಅಂತ ಅರ್ಥವಂತೆ.

ಈಗ ಅದರ ಮೇಲೆ ಕೂತೇ ಬರೆಯುತ್ತಿದ್ದೇನೆ. ಕೋಗಿಲೆ ತಾನಾಗಿ ಗೂಡು ಕಟ್ಟುವುದಿಲ್ಲವಲ್ಲ. ಅತ್ತೆ ಕಟ್ಟಿಕೊಟ್ಟರು.